ಮೆಣಸಿನಕಾಯಿ ಸಾಹುಕಾರನ ಮಗಳ ಶಾಲೆ

"ಅಜ್ಜಾರೆ, ಮಗುವಿಗೆ ಶಾಲೆ ಆರಿಸುವಾಗ ಹೊರಗಿನವರ ಸಲಹೆ ಕೇಳುವುದು ಸರಿಯೋ ತಪ್ಪೋ?" ಎಂದು ಪಂಚಾಕ್ಷರಿ ಮಠದ ಗುರುಗಳನ್ನು ಕೇಳಿದ.

ಪಂಚಾಕ್ಷರಿ ಮಠಕ್ಕೆ ಬಹಳ ವರ್ಷಗಳಿಂದ ನಡೆದುಕೊಳ್ಳುತ್ತಿದ್ದ ಶಿಷ್ಯ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಮಗನನ್ನು ಖಾಸಗಿ ಶಾಲೆಗೆ ಸೇರಿಸಬೇಕೆಂದು, ಹುಬ್ಬಳ್ಳಿಯಲ್ಲಿ ಅದೇ ಕೆಲಸ ಮಾಡುವ ಸಲಹೆಗಾರರೊಬ್ಬರನ್ನು ಕಂಡು ಬಂದಿದ್ದ. ಅವರು ಫೀ ತೆಗೆದುಕೊಂಡು ಒಂದು ದೊಡ್ಡ ಶಾಲೆಯ ಹೆಸರು ಹೇಳಿದ್ದರು. ಸೇರಿಸುವ ಗಡುವು ಹತ್ತಿರ ಬಂದಿತ್ತು. ಆದರೂ ಅವನ ಮನಸ್ಸಿಗೆ ಸಮಾಧಾನವಿರಲಿಲ್ಲ.

ಗುರುಗಳು ನಕ್ಕರು. "ಕೇಳಿ ಬಂದ ಮೇಲೆ ಕೇಳಬಹುದೇ ಅಂತ ಕೇಳುತ್ತೀಯಲ್ಲ, ಭಲೆ! ಕೂತುಕೋ. ಗೋಡೆಗೆ ಒರಗಬೇಡ, ನಿದ್ದೆ ಮಾಡುತ್ತೀ. ಒಂದು ಕತೆ ಹೇಳುತ್ತೇನೆ."

ಗುರುಗಳು ಹೇಳಿದ ಕತೆ ಇದು.

ನಮ್ಮೂರಿನಲ್ಲಿ ಒಬ್ಬ ಸಾಹುಕಾರನಿದ್ದ. ಮೆಣಸಿನಕಾಯಿ ವ್ಯಾಪಾರ. ನಾನು ಚಡ್ಡಿ ಹಾಕಿಕೊಂಡು ಓಣಿ ತಿರುಗುತ್ತಿದ್ದ ಕಾಲದ ಮಾತು. ನಮ್ಮ ಪೇಟೆಗೆ ಕಾಲಿಟ್ಟರೆ ಸಾಕು, ಪರವೂರಿನವರಿಗೆ ಸೀನು ಹತ್ತುತ್ತಿತ್ತು. ಹೊಸಬರು ಯಾರು ಎಂಬುದು ಸೀನಿನಿಂದಲೇ ತಿಳಿಯುತ್ತಿತ್ತು. ನಮಗೆ ಬರುತ್ತಿರಲಿಲ್ಲ. ಹೋದ ವರ್ಷ ಹೋಗಿದ್ದೆ, ನನಗೂ ಸೀನು ಬಂತು. ಅಲ್ಲಿದ್ದ ಹುಡುಗರು ನನ್ನನ್ನು ನೋಡಿ ನಕ್ಕರು, ನನಗೆ ಅಳು ಬಂದಂತಾಯಿತು.

ಆ ಪೇಟೆಗೆ ಒಂದು ಪದ್ಧತಿ ಇತ್ತು. ಮಾರುವವನು ತನ್ನ ಮಾಲಿನ ಹುಳುಕನ್ನು ತಾನಾಗಿ ಹೇಳುತ್ತಿರಲಿಲ್ಲ. ಚೀಲದ ಬಾಯಿ ಬಿಚ್ಚಿಟ್ಟು ಸುಮ್ಮನೆ ಕೂರುತ್ತಿದ್ದ. ಮೇಲೆ ಕೆಂಪಗೆ ಹೊಳೆಯುವ ಕಾಯಿ. ಕೊಳ್ಳುವವನು ತೋಳು ಮಡಚಿ, ಚೀಲದೊಳಗೆ ಮೊಣಕೈ ಮುಳುಗುವಂತೆ ಕೈ ಇಳಿಸಿ, ತಳದ ಕಾಯಿ ಎತ್ತಿ, ಮುರಿದು ನೋಡಬೇಕು. ಬಿಳಿಚಿದ ಕಾಯಿ ಸಿಕ್ಕರೆ ದರ ಇಳಿಯಿತು. ಸಿಗದಿದ್ದರೆ ಅದು ಕೊಳ್ಳುವವನ ಹಣೆಬರಹ. ಇದನ್ನು ಅಲ್ಲಿ ಯಾರೂ ಮೋಸ ಎನ್ನುತ್ತಿರಲಿಲ್ಲ. ಕೈ ಹಾಕದೆ ಕೊಂಡವನನ್ನು ನೋಡಿ ಇಡೀ ಪೇಟೆ ನಗುತ್ತಿತ್ತು.

ಸಾಹುಕಾರ ಕೆಟ್ಟ ಮನುಷ್ಯನೇನಲ್ಲ. ಧರ್ಮ, ದಾನ ಎಲ್ಲ ಇತ್ತು. ಆದರೆ ಅಜ್ಜನ ಕಾಲದಿಂದ ಅದೇ ಕಟ್ಟೆಯ ಮೇಲೆ ಕೂತ ಮನೆತನ. ಮಾಲಿನ ವಿಷಯ ಬಂದರೆ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

ಅವನಿಗೆ ಒಬ್ಬಳೇ ಮಗಳು, ನೀಲವ್ವ. ಕೂಸಿದ್ದಾಗ ಕಿವಿ ಸೋರಿ ಸೋರಿ ಒಂದು ಕಿವಿ ಹೋಗಿಯೇ ಬಿಟ್ಟಿತ್ತು. ಇನ್ನೊಂದು ಅರ್ಧಮರ್ಧ. ಎದುರಿಗೆ ಕೂತು ಮಾತನಾಡಿದರೆ ಬಾಯಿ ನೋಡಿ, ಅಷ್ಟಿಷ್ಟು ಕೇಳಿಸಿಕೊಂಡು, ಎಲ್ಲವನ್ನೂ ಹಿಡಿದುಬಿಡುತ್ತಿದ್ದಳು. ಹಿಂದಿನಿಂದ ಕರೆದರೆ ಮಾತ್ರ ತಿರುಗುತ್ತಿರಲಿಲ್ಲ. ಇದು ಮನೆಯವರಿಗೆ ಗೊತ್ತಿದ್ದ ಗುಟ್ಟು. ಹೆಣ್ಣುಮಗಳು, ನಾಳೆ ಮದುವೆಯಾಗಬೇಕು ಎಂದು ಸಾಹುಕಾರ ಹೊರಗೆ ಸುಳಿವು ಕೊಡುತ್ತಿರಲಿಲ್ಲ.

ಆಗ ನಾವು ಓದುತ್ತಿದ್ದದ್ದು ಅಯ್ಯನವರ ಮಠದಲ್ಲಿ. ಮಠವೆಂದರೆ ಈ ಮಠದಂಥದ್ದಲ್ಲ ತಮ್ಮಾ. ಒಂದು ಪಡಸಾಲೆ, ಒಬ್ಬ ಅಯ್ಯನವರು, ನೆಲದ ಮೇಲೆ ಹರಡಿದ ಮರಳು. ಆ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದಬೇಕು. ತಪ್ಪಾದರೆ ಅಂಗೈಯಲ್ಲಿ ಸವರಿದರಾಯಿತು, ಇದ್ದ ತಪ್ಪು ಇಲ್ಲ. ಸಂಜೆಗೆ ಬೆರಳ ತುದಿ ಉರಿಯುತ್ತಿತ್ತು. ಈಗಲೂ ಯಾರದೋ ಮನೆ ಕಟ್ಟಲು ಬೀದಿಯಲ್ಲಿ ಮರಳು ಸುರಿದದ್ದನ್ನು ಕಂಡರೆ ನನ್ನ ಬೆರಳು ಸುಮ್ಮನಿರುವುದಿಲ್ಲ. ನಗಬೇಡ. ನಿನಗೂ ಒಂದು ದಿನ ಯಾವುದಾದರೂ ಹಾಗೆಯೇ ಕಾಡುತ್ತದೆ.

ನೀಲವ್ವನನ್ನು ಮಠಕ್ಕೆ ಸೇರಿಸಲು ತಾಯಿಯೇ ಕರೆದುಕೊಂಡು ಬಂದಿದ್ದಳು. ಅಯ್ಯನವರ ಮುಂದೆ ಅಕ್ಕಿ, ಬೆಲ್ಲ, ಎಲೆ ಅಡಿಕೆ ಇಟ್ಟು ಕೈ ಮುಗಿದು, ಅವರಿಗಷ್ಟೇ ಕೇಳುವ ಹಾಗೆ, "ಅಯ್ಯನೋರ, ನಮ್ಮ ಹುಡುಗಿಗೆ ಕಿವಿ ಮಂದ ಐತ್ರಿ. ನಿಮ್ಮ ಎದುರಿಗೇ ಕುಂದ್ರಿಸಿಕೊಳ್ರಿ" ಎಂದಳು. ಅಷ್ಟೇ. ಅಯ್ಯನವರು ಎದುರಿಗೇ ಕೂರಿಸಿಕೊಂಡರು. ಅವರೇನು ಮಹಾ ಪಂಡಿತರಲ್ಲ. ಮೂಗಿನಲ್ಲಿ ನಶ್ಯ, ಕೈಯಲ್ಲಿ ಬೆತ್ತ, ಮಧ್ಯಾಹ್ನವಾದರೆ ಕೂತಲ್ಲೇ ತೂಕಡಿಕೆ. ತಾಯಿ ಹೇಳಿದಳು, ಅವರು ಹಾಗೆ ಮಾಡಿದರು.

ಮಹಾನವಮಿ ಬಂತೆಂದರೆ ಮಠದ ಮಕ್ಕಳೆಲ್ಲ ಕೋಲು ಹಿಡಿದು, ಅಯ್ಯನವರ ಹಿಂದೆ ಮನೆಮನೆಗೆ ಹೋಗಿ ಚೌಪದ ಹಾಡುತ್ತಿದ್ದೆವು. ಆ ಮನೆಗೆ ಒಳ್ಳೆಯದಾಗಲಿ ಎಂದು ಹರಸುವ ಹಾಡು ಅದು. ಮನೆಯವರು ಅಯ್ಯನವರಿಗೆ ಕಾಳುಕಡಿ, ನಮಗೆ ಬೆಲ್ಲ ಕೊಬ್ಬರಿ ಕೊಡುತ್ತಿದ್ದರು. ಮೊದಲ ಸಾಲು ಎತ್ತಿಕೊಡುವವಳು ನೀಲವ್ವ. ನಾವು ಹಿಂದೆ ಎಳೆಯುವವರು. ಕಿವಿ ಮಂದವಿದ್ದ ಎಷ್ಟೋ ಜನರ ಹಾಗೆ ಅವಳ ದನಿಯೂ ದೊಡ್ಡದು. ಅಯ್ಯೋ, ಏನು ದನಿ ಅದು! ಪಕ್ಕದ ಓಣಿಗೆ ಕೇಳುತ್ತಿತ್ತು. "ಸಾಹುಕಾರ್ರ ಮಗಳು ಬಂದ್ಲು, ಬೆಲ್ಲ ತಗೀರೇ" ಎನ್ನುತ್ತ ಹೆಂಗಸರು ಅಡುಗೆಮನೆಗೆ ಓಡುತ್ತಿದ್ದರು. ಆ ಬೆಲ್ಲದ ರುಚಿ ಆಮೇಲೆ ನಾನು ತಿಂದ ಯಾವ ಪೇಡೆಯಲ್ಲೂ ಸಿಗಲಿಲ್ಲ. ಹೋಗಲಿ ಬಿಡು, ಕತೆಗೆ ಬರೋಣ.

ನೀಲವ್ವ ಮಠದ ಓದು ಮುಗಿಸಿದಳು. ಅವಳಿಗೆ ಕಲಿಸಲು ಅಯ್ಯನವರ ಹತ್ತಿರ ಇನ್ನೇನೂ ಉಳಿದಿರಲಿಲ್ಲ. ಸಾಹುಕಾರನಿಗೆ ಆಸೆ ಹುಟ್ಟಿತು. ಮಗಳನ್ನು ಪಟ್ಟಣದ ಖಾಸಗಿ ಶಾಲೆಗೆ ಹಾಕಬೇಕು, ಅಲ್ಲೇ ವಸತಿಗೆ ಇಡಬೇಕು. ಆದರೆ ಯಾವ ಶಾಲೆ? ಅವನಿಗೆ ಒಂದೂ ಗೊತ್ತಿಲ್ಲ.

ಆಗ ಧಾರವಾಡದಲ್ಲಿ ನಿವೃತ್ತರಾದ ಶಾಲಾ ಇನ್‌ಸ್ಪೆಕ್ಟರ್ ಒಬ್ಬರಿದ್ದರು. ಜಿಲ್ಲೆಯ ಶಾಲೆಗಳನ್ನೆಲ್ಲ ಒಳಗಿನಿಂದ ಕಂಡವರು. ಯಾವ ಮಗುವಿಗೆ ಯಾವ ಶಾಲೆ ಒಗ್ಗುತ್ತದೆ ಎಂದು ಹೇಳಲು ವಕೀಲರ ಹಾಗೆ ಫೀ ತೆಗೆದುಕೊಳ್ಳುತ್ತಿದ್ದರು. ಸಾಹುಕಾರ ಅವರನ್ನು ಕರೆಸುತ್ತಾನೆ ಎಂದು ಗೊತ್ತಾದಾಗ ಪೇಟೆಯವರು ಚೇಷ್ಟೆ ಮಾಡಿದರು. "ಶಾಲಿ ಹೆಸರು ಹೇಳಾಕೂ ರೊಕ್ಕ ಕೊಡ್ತಾರೇನೋ ಯಪ್ಪಾ!" ಎಂದರು. ಸಾಹುಕಾರ ಜಗ್ಗಲಿಲ್ಲ. "ಕಾಯಿ ಮಾರಾಕ ದಲ್ಲಾಳಿ ಬೇಕು, ಮಗಳಿಗೆ ಬ್ಯಾಡೇನು?" ಎಂದ.

ಅಲ್ಲಿಯವರೆಗೆ ಅವನ ಬುದ್ಧಿ ಸರಿಯಾಗಿಯೇ ಇತ್ತು. ತನಗೆ ತಿಳಿಯದ್ದನ್ನು ತಿಳಿದವರ ಹತ್ತಿರ ಕೇಳಿದ. ಅದರಲ್ಲಿ ನಗುವಂಥದ್ದೇನಿದೆ?

ಆ ಇನ್‌ಸ್ಪೆಕ್ಟರ್ ಸಾಹೇಬರು ಮನೆಗೇ ಬರುವುದಾಗಿ ಹೇಳಿ ಕಳಿಸಿದರು. ಮಗುವನ್ನು ಅದರ ಮನೆಯಲ್ಲೇ ನೋಡಬೇಕು ಎಂಬುದು ಅವರ ಕ್ರಮ. ಅವರು ಬರುವ ದಿನ ಸಾಹುಕಾರ ತಾನೇ ನಿಂತು ಪಡಸಾಲೆ ಸಜ್ಜು ಮಾಡಿಸಿದ. ಸಾಹೇಬರ ಜಾಗ ಇಲ್ಲಿ. ಮಗಳ ಜಾಗ ಅವರ ಎದುರಿಗೆ, ತೀರ ಹತ್ತಿರ. ಸಾಹೇಬರ ಮುಖದ ಮೇಲೆ ಬೆಳಕು ಬೀಳಬೇಕು. ಬೀದಿಯ ಗದ್ದಲ ಬರಬಾರದು, ಬಾಗಿಲು ಮುಚ್ಚಿರಬೇಕು. ಚೀಲದ ಬಾಯಿಗೆ ಕಾಯಿ ಜೋಡಿಸಿ ಪಳಗಿದ ಕೈ, ಇಲ್ಲಿಯೂ ಚೆನ್ನಾಗಿ ಜೋಡಿಸಿತು.

ಹೆಂಡತಿ ಹತ್ತಿರ ಬಂದು, "ಕಿವಿ ಮಾತು ಸಾಹೇಬರಿಗೆ ಹೇಳಿಬಿಡೂಣ್ರಿ" ಎಂದಳು.

ಸಾಹುಕಾರ ಕಣ್ಣು ಕೆಕ್ಕರಿಸಿದ. "ನಿನಗ ತಲಿ ಐತೇನ? ಮಾಲು ನೋಡಾಕ ಬಂದವರ ಮುಂದ ಯಾರಾದ್ರೂ ಹುಳುಕು ತಗದು ತೋರಸ್ತಾರೇನ? ಬೇಕಾದ್ರ ಅವರೇ ಕೈ ಹಾಕಿ ನೋಡ್ಲಿ."

ಸಾಹೇಬರು ಬಂದರು. ನೀಲವ್ವನಿಗೆ ಲೆಕ್ಕ ಕೇಳಿದರು, ಹೇಳಿದಳು. ಪದ್ಯ ಕೇಳಿದರು, ಹಾಡಿಯೇ ತೋರಿಸಿದಳು. ಮಳೆ ಏಕೆ ಬರುತ್ತದೆ ಎಂದು ಕೇಳಿದರು. "ಅಯ್ಯನೋರು ಹೇಳಿದ್ದು ಹೇಳ್ಲೋ, ನನಗ ಅನಿಸಿದ್ದು ಹೇಳ್ಲೋ?" ಎಂದು ತಿರುಗಿ ಕೇಳಿದಳು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗಿ ತಮ್ಮ ಮುಖದಿಂದ ಕಣ್ಣು ಕೀಳದೆ ನೋಡುತ್ತಿದ್ದಾಳೆ, ಎಷ್ಟು ಧೈರ್ಯ ಎಂದುಕೊಂಡರು. ಅವಳು ನೋಡುತ್ತಿದ್ದದ್ದು ಅವರ ತುಟಿಯನ್ನು. ದನಿ ದೊಡ್ಡದು, ಎಷ್ಟು ಆತ್ಮವಿಶ್ವಾಸ ಎಂದುಕೊಂಡರು. ಅವರಿಗಾದರೂ ಸಂಶಯ ಏಕೆ ಬರಬೇಕು?

ಏಳುವ ಮುಂಚೆ ಅವರು ಕೇಳಿದರು: "ಸಾಹುಕಾರರೇ, ಈ ಮಗುವಿನ ವಿಷಯದಲ್ಲಿ ನನಗೆ ಗೊತ್ತಿರಬೇಕಾದದ್ದು ಇನ್ನೇನಾದರೂ ಇದೆಯೇ? ಕಾಯಿಲೆ, ಅಂಜಿಕೆ, ಏನಾದರೂ ತೊಡಕು?"

ಒಳಬಾಗಿಲ ಹತ್ತಿರ ತಾಯಿ ಬಳೆ ಅಲ್ಲಾಡಿಸಿದಳು. ಸಾಹುಕಾರ ಆ ಕಡೆ ನೋಡಲಿಲ್ಲ.

"ಏನೂ ಇಲ್ಲರಿ. ಹುಡುಗಿ ಅಪ್ಪಟ ಐತಿ" ಎಂದ.

ಸುಳ್ಳು ಹೇಳಿದೆ ಎಂದು ಅವನಿಗೆ ಅನಿಸಲೇ ಇಲ್ಲ, ನೋಡು. ವ್ಯಾಪಾರ ಮಾಡಿದೆ ಎಂದುಕೊಂಡ.

ಸಾಹೇಬರು ಹೇಳಿದರು: "ನನ್ನ ಮನಸ್ಸಿನಲ್ಲಿ ಎರಡು ಶಾಲೆ ಇದ್ದವು. ಒಂದು ಸಣ್ಣದು. ಅಕ್ಕತಂಗಿಯರಿಬ್ಬರು ತಮ್ಮ ಮನೆಯಲ್ಲೇ ನಡೆಸುತ್ತಾರೆ. ಕೆಲವೇ ಮಕ್ಕಳನ್ನು ಮೇಜಿನ ಸುತ್ತ ಕೂರಿಸಿಕೊಂಡು ಮುಖ ನೋಡಿ ಕಲಿಸುತ್ತಾರೆ. ಹೆಚ್ಚು ನಿಗಾ ಬೇಕಾದ ಮಕ್ಕಳಿಗೆ ಅದು. ಇನ್ನೊಂದು ದೊಡ್ಡದು. ಕೋಣೆ ತುಂಬ ಮಕ್ಕಳು, ಮೇಷ್ಟರು ಹೇಳುತ್ತ ಹೋಗುತ್ತಾರೆ, ಮಕ್ಕಳು ಕೇಳಿ ಬರೆದುಕೊಳ್ಳಬೇಕು. ಚುರುಕಿನ ಮಕ್ಕಳು ಅಲ್ಲಿ ಬೇಗ ಮೇಲೆ ಬರುತ್ತಾರೆ. ನಿಮ್ಮ ಮಗಳನ್ನು ಕಣ್ಣು ಮುಚ್ಚಿಕೊಂಡು ದೊಡ್ಡ ಶಾಲೆಗೆ ಹಾಕಿ."

ಸಾಹುಕಾರನಿಗೆ ಸ್ವರ್ಗಕ್ಕೆ ಮೂರೇ ಗೇಣು. ಸಂಜೆ ಪೇಟೆಯಲ್ಲಿ ಪೇಡೆ ಹಂಚಿದ. ನಾನೂ ತಿಂದೆ.

ಮಗಳನ್ನು ಕಳಿಸುವಾಗ, ಕಿವಿಯ ವಿಷಯ ಅಲ್ಲಿ ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಿಕೊಂಡ. ಹುಡುಗಿ ಅಪ್ಪನ ತಲೆ ಮುಟ್ಟಿ ಆಣೆ ಮಾಡಿದಳು.

ಆ ಶಾಲೆಯಲ್ಲಿ ಮಕ್ಕಳನ್ನು ಎತ್ತರ ನೋಡಿ ಕೂರಿಸುತ್ತಿದ್ದರು. ಗಿಡ್ಡವರು ಮುಂದೆ, ಉದ್ದವಿದ್ದವರು ಹಿಂದೆ. ನೀಲವ್ವ ಅಪ್ಪನ ಹಾಗೆ ಉದ್ದ. ಕೊನೆಯ ಬೆಂಚು ಸಿಕ್ಕಿತು. ಮೇಷ್ಟರು ಹಲಗೆಯ ಕಡೆ ಮುಖ ಮಾಡಿ ಬರೆಯುತ್ತಲೇ ಪಾಠ ಹೇಳುತ್ತಿದ್ದರು. ಅವರ ಬೆನ್ನಿನಲ್ಲಿ ಬಾಯಿ ಇತ್ತೇನು, ಇವಳು ನೋಡಿ ತಿಳಿಯಲು? ಅವರು ಹೇಳಿದ್ದು ಒಂದು, ಇವಳು ಬರೆದದ್ದು ಇನ್ನೊಂದು. ದಡ್ಡಿ ಎಂದರು. ಹೆಸರು ಕೂಗಿದಾಗ ಏಳಲಿಲ್ಲ. ಸಾಹುಕಾರನ ಮಗಳೆಂಬ ಸೊಕ್ಕು ಎಂದರು. ಎದ್ದು ಮಾತನಾಡಿದರೆ ಗಟ್ಟಿ ದನಿ. ಮಕ್ಕಳು ಕಿವಿ ಮುಚ್ಚಿಕೊಂಡು ಅಣಕಿಸಿದರು. ಆಣೆ ಇತ್ತಲ್ಲ, ಹುಡುಗಿ ನಿಜ ಹೇಳಲಿಲ್ಲ. ಮೊದಲು ದನಿ ತಗ್ಗಿಸಿದಳು. ಆಮೇಲೆ ಮಾತನ್ನೇ ಬಿಟ್ಟಳು. ಅಷ್ಟು ಮಾತುಗಾತಿ ಹುಡುಗಿ.

ದಸರೆಯ ರಜೆಗೆ ಊರಿಗೆ ಬಂದಳು. ನಾವು ಇನ್ನೂ ಅಯ್ಯನವರ ಮಠದಲ್ಲೇ ಇದ್ದೆವು, ಬೇಗ ಓದು ಮುಗಿಸುವ ಪೈಕಿ ನಾವಲ್ಲ. ಮಹಾನವಮಿಯ ದಿನ ಸಾಹುಕಾರನ ಅಂಗಳದಲ್ಲಿ ನಿಂತು ಕೋಲು ತಟ್ಟಿದೆವು. ಹಾಡು ಶುರು ಮಾಡಲಿಲ್ಲ. ನೀಲವ್ವ ಬರಲಿ, ಮೊದಲ ಸಾಲು ಅವಳೇ ಎತ್ತಿಕೊಡಲಿ ಎಂದು ಕಾದೆವು. ಅಯ್ಯನವರೂ ಕಾದರು. ತಾಯಿ ಅವಳ ಕೈ ಹಿಡಿದು ಹೊರಗೆ ಕರೆತಂದಳು. ನೀಲವ್ವ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಬಾಯಿ ತೆರೆಯಲಿಲ್ಲ. ತಾಯಿಯ ಸೆರಗಿನ ಹಿಂದೆ ಹೋಗಿ ನಿಂತುಕೊಂಡಳು. ಆಮೇಲೆ ನಾವೇ ಹೇಗೋ ಹಾಡಿದೆವು. ಕೆಟ್ಟದಾಗಿ ಹಾಡಿದೆವು.

ಸಾಹುಕಾರ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡಿದ. ಮಾರನೆಯ ದಿನ ಬನ್ನಿ ಹಂಚಲೂ ನಿಲ್ಲದೆ, ಹೆಂಡತಿ ಮಗಳನ್ನು ಕರೆದುಕೊಂಡು ಧಾರವಾಡದ ಬಸ್ಸು ಹತ್ತಿದ. ಅಲ್ಲಿ ನಡೆದದ್ದನ್ನು ಆ ತಾಯಿ ನಮ್ಮವ್ವನ ಹತ್ತಿರ ಎಷ್ಟೋ ಸಲ ಹೇಳಿಕೊಂಡು ಅತ್ತಿದ್ದಾಳೆ. ನನಗೆ ಗೊತ್ತಾದದ್ದು ಹಾಗೆ.

ಸಾಹೇಬರ ಮನೆಗೆ ಹೋದವನೇ ಸಾಹುಕಾರ ಕೂಗಾಡಿದ. "ನಿಮ್ಮ ಮಾತು ನಂಬಿ ಇದ್ದ ಒಬ್ಬ ಮಗಳನ್ನ ಹಾಳು ಮಾಡಿಕೊಂಡೆ. ಫೀ ತಗೊಂಡು ಇದೇನ್ರಿ ನೀವು ಆರಿಸಿಕೊಟ್ಟ ಶಾಲಿ?"

ಸಾಹೇಬರು ಸಿಟ್ಟಾಗಲಿಲ್ಲ. ಹುಡುಗಿಯನ್ನು ನೋಡಿದರು. ಅಂದು ಮಳೆಯ ಮಾತಿಗೆ ತಮ್ಮನ್ನು ನಗಿಸಿದವಳು ಇವಳೇ ಎಂದು ಅವರಿಗೆ ನಂಬಲಾಗಲಿಲ್ಲ. ನೀಲವ್ವ ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತಿದ್ದಳು. ಸಾಹೇಬರು ಹಿಂದಿನಿಂದ "ನೀಲವ್ವಾ" ಎಂದು ಕರೆದರು. ಅವಳು ತಿರುಗಲಿಲ್ಲ. ಇನ್ನಷ್ಟು ಹತ್ತಿರ ಹೋಗಿ ಕರೆದರು. ಆಗಲೂ ತಿರುಗಲಿಲ್ಲ. ಸಾಹೇಬರು ಬಂದು ಕುರ್ಚಿಯಲ್ಲಿ ಕುಸಿದು ಕೂತರು.

"ಇದು ನಿಮಗೆ ಮೊದಲೇ ಗೊತ್ತಿತ್ತೇ?" ಎಂದು ಕೇಳಿದರು.

ಸಾಹುಕಾರನ ಕೂಗಾಟ ಇಳಿಯಿತು. "ಗೊತ್ತಿತ್ತರಿ. ತಳಕ್ಕ ಕೈ ಹಾಕಿ ನೋಡೋದು ಕೊಳ್ಳಾವರ ಕೆಲಸ ಅಲ್ಲೇನ್ರಿ?" ಎಂದ. ಅಭ್ಯಾಸದ ಮಾತು, ಬಾಯಿಂದ ತಾನಾಗಿ ಬಂದುಬಿಟ್ಟಿತು.

"ನಾನು ಕೊಳ್ಳಲು ಬಂದಿದ್ದೆನೇ ಸಾಹುಕಾರರೇ? ನಾನು ನಿಮ್ಮ ಕ‍ಡೆಯವನಲ್ಲವೇ? ನೀವು ತೋರಿಸಿದ ಹುಡುಗಿಗೆ ನಾನು ಹೇಳಿದ ಶಾಲೆಯೇ ಸರಿ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಈ ಹುಡುಗಿಯನ್ನು ನೀವು ನನಗೆ ತೋರಿಸಲೇ ಇಲ್ಲ."

ಸಾಹುಕಾರ ಮಗಳ ಹತ್ತಿರ ಹೋದ. ಅವಳಿಗೆ ಕಾಣುವ ಹಾಗೆ ಎದುರಿಗೆ ನಿಂತು, "ಆಣಿ ಬಿಟ್ಟೆ ಅವ್ವಾ, ನನ್ನ ಆಣಿ ಬಿಟ್ಟೆ. ನಿನಗ ಹೆಂಗ ಕೇಳಸ್ತೈತಿ, ಎಲ್ಲಾ ಸಾಹೇಬರಿಗೆ ಹೇಳು" ಎಂದ. ಅಷ್ಟು ಹೇಳುವುದರಲ್ಲಿ ಎಲ್ಲರ ಎದುರಿಗೆ ಅತ್ತುಬಿಟ್ಟನಂತೆ. ಪೇಟೆಯಲ್ಲಿ ಅಂಥ ಗಟ್ಟಿ ಮನುಷ್ಯ. ಹುಡುಗಿ ಮಾತನಾಡಲಿಲ್ಲ. ತಾಯಿಯೇ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದಳು, ಸಾಹೇಬರು ಕೇಳಿಸಿಕೊಂಡರು.

ರಜೆ ಮುಗಿದ ಮೇಲೆ ನೀಲವ್ವ ಅಕ್ಕತಂಗಿಯರ ಸಣ್ಣ ಶಾಲೆಗೆ ಹೋದಳು. ಚೆನ್ನಾಗಿಯೇ ಓದಿದಳು. ಮದುವೆಯೂ ಆಯಿತು. ಕಿವಿಯ ಮಾತನ್ನು ಬೀಗರಿಗೆ ಎಲ್ಲಕ್ಕಿಂತ ಮೊದಲು ಸಾಹುಕಾರನೇ ಹೇಳಿದನಂತೆ. ಬಂದ ಒಂದು ಸಂಬಂಧ ಹೋಯಿತು, ಎರಡನೆಯದು ಕೂಡಿ ಬಂತು. ಆದರೆ ಆ ದನಿ ಮಾತ್ರ ತಿರುಗಿ ಬರಲಿಲ್ಲ ತಮ್ಮಾ. ಮಾತನಾಡಿದರೆ ಬಾಯಿಗೆ ಕೈ ಅಡ್ಡ ಹಿಡಿದು, ಪಿಸುಮಾತು. ಆಮೇಲೆಯೂ ನಾವು ಚೌಪದ ಹಾಡುತ್ತ ಅವರ ಅಂಗಳಕ್ಕೆ ಹೋದೆವು. ಅವಳು ರಜೆಗೆ ಬಂದಿದ್ದರೆ ಬಾಗಿಲಲ್ಲಿ ನಿಂತು ನಮ್ಮ ಬಾಯಿ ನೋಡುತ್ತಿದ್ದಳು. ಯಾರೂ ಅವಳಿಗೆ ಹಾಡು ಎನ್ನಲಿಲ್ಲ. ಅಯ್ಯನವರು ತೀರಿಕೊಂಡ ಮೇಲೆ ಮಠ ನಿಂತಿತು. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ನಮ್ಮ ಓಣಿಯಲ್ಲಿ ಮಹಾನವಮಿ ಬಂದು ಹೋದದ್ದೇ ಗೊತ್ತಾಗುವುದಿಲ್ಲ. ನನಗೆ ಮಾತ್ರ ಆ ದಿನ ಬಂತೆಂದರೆ, ಆ ಹುಡುಗಿ ಈಗ ಮೊದಲ ಸಾಲು ಎತ್ತುತ್ತಾಳೆ ಎಂದು ಕಿವಿ ನೆಟ್ಟಗಾಗುತ್ತದೆ. ಮುದುಕನ ಹುಚ್ಚು.

ಗುರುಗಳು ಕತೆ ನಿಲ್ಲಿಸಿ ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡರು.

ಪಂಚಾಕ್ಷರಿ ಹೇಳಿದ: "ಹಾಗಾದರೆ ಸಲಹೆ ಕೇಳುವುದರಲ್ಲಿ ತಪ್ಪಿಲ್ಲ ಎಂದಾಯಿತು ಅಜ್ಜಾರೆ. ನಾನು ಕಂಡವರೂ ತಿಳಿದವರೇ. ಬಹಳ ಹೊತ್ತು ಕೂರಿಸಿಕೊಂಡು, ಮಗನ ವಿಷಯ ಒಂದನ್ನೂ ಬಿಡದೆ ಕೇಳಿದರು. ಅವರು ಹೇಳಿದ ಶಾಲೆಗೇ ಹಾಕಿಬಿಡಲೇ?"

"ಅವರು ಒಂದನ್ನೂ ಬಿಡದೆ ಕೇಳಿದರು, ಸರಿ ತಮ್ಮಾ, ನೀನು ಅಲ್ಲಿ ಯಾವ ಮಾತನ್ನು ನುಂಗಿಕೊಂಡು ಬಂದೆ?"